ಹೆಬ್ಬೆರಳಿನ ಹಿಂದೆ

ಮನೆ ಹಳದಿ ಅನ್ನುತ್ತಾಳೆ ಡ್ರುಸಿಲ್ಲಾ.
ಹಸಿರು ಅನ್ನುತ್ತೇನೆ ನಾನು.
ಆಗ ಅವಳಿಗೆ ಆರು, ನನಗೆ ಮೂರು;
ಈಗ ಇಬ್ಬರಿಗೂ ಮಂಡಿನೋವು.
ಜಗಳಕ್ಕೆ ಮಾತ್ರ ವಯಸ್ಸಾಗಿಲ್ಲ.

ಸಾಕ್ಷಿಗೆ ಒಂದು ಸ್ಲೈಡು ಇದೆ:
ಅರವತ್ತೆಂಟರ ಆಗಸ್ಟು, ಪ್ಲಾಸೆಂಶಿಯಾ ಕೊಲ್ಲಿ,
ನಮ್ಮ ಮನೆ ನೀರಿನ ಮೇಲೆ ಹೋಗುತ್ತಿದೆ.
ಕತೆಯಲ್ಲ ಇದು. ದ್ವೀಪ ಬಿಟ್ಟು ಬನ್ನಿ ಎಂದಿತ್ತು ಸರ್ಕಾರ,
ದುಡ್ಡು ಕೊಟ್ಟಿತು, ಮನೆ ಕೊಡಲಿಲ್ಲ.
ಅದಕ್ಕೇ ಖಾಲಿ ಪೀಪಾಯಿ ಬಿಗಿದು, ಭರತ ಕಾದು,
ಮುಂದೆ ಐದು ದೋಣಿ ಹೂಡಿ
ಎರಡಂತಸ್ತಿನ ಮನೆಯನ್ನು ಎಳೆದುಕೊಂಡು ಹೋದರು,
ಹಟಮಾರಿ ಹಸುವನ್ನು ಸಂತೆಗೆ ಎಳೆದ ಹಾಗೆ.
ಕಿಟಕಿಯ ಪರದೆ ಕೂಡ ಬಿಚ್ಚಿರಲಿಲ್ಲ.
ಒಲೆಯ ಮೇಲೆ ಕೆಟಲ್ ಕುದಿಯುತ್ತಿತ್ತು ಅನ್ನುತ್ತಿದ್ದಳು ಅಮ್ಮ.
ಇರಲಾರದು.
ಇರಲಿ.

ಅಪ್ಪ ಗಾರ್ಲಂಡ್ ಪಾರ್ಡಿ, ಕಾಡ್ ಮೀನಿನ ಉಪ್ಪು ಕುಡಿದ ಕೈ,
ಆರನೆಯ ದೋಣಿಯಲ್ಲಿ ನಿಂತು ಕ್ಲಿಕ್ ಮಾಡಿದ.
ಟೊರಾಂಟೊಗೆ ಹೋದ ಕೊಡಾಕ್ರೋಮ್ ಹಿಮ ಬೀಳುವ ಹೊತ್ತಿಗೆ
ರಟ್ಟಿನ ಚೌಕಟ್ಟು ತೊಟ್ಟು ಅಂಚೆಯಲ್ಲಿ ಮರಳಿತು.
ಆಮೇಲೆ ಪ್ರತಿ ಕ್ರಿಸ್‌ಮಸ್ಸಿಗೂ ಗೋಡೆಗೆ ಹಾಸಿಗೆ ಬಟ್ಟೆ,
ಬಲ್ಬಿನ ಕೆಳಗೆ ಸುಡುವ ಧೂಳಿನ ವಾಸನೆ,
ಪಾದ್ರಿ ಬಂದರೆ ಒಂದು ಸಲ, ನರ್ಸ್ ಬಂದರೆ ಒಂದು ಸಲ,
ಇನ್ನೊಮ್ಮೆ ಹಾಕು ಗಾರ್ಲಂಡ್, ಇನ್ನೊಮ್ಮೆ.

ಅಷ್ಟು ಕಣ್ಣು ಬಿದ್ದರೆ ಯಾವುದು ತಾನೇ ಉಳಿದೀತು?
ಮಕ್ಕಳಿಗಾದರೆ ದೃಷ್ಟಿ ತೆಗೆಯಬಹುದು.
ಮೊದಲು ಕೆಂಪು ಹೊರಟಿತು, ಹೇಳದೆ ಕೇಳದೆ.
ಅಪ್ಪನ ಕೆನ್ನೆಗೆ ಪಾಚಿ ಹತ್ತಿತು.
ಕಡಲು ಗಂಜಿಯಾಯಿತು.
ಬೆಳಕಿನಿಂದ ಹುಟ್ಟಿದ್ದನ್ನು
ಬೆಳಕೇ ನೆಕ್ಕಿ ನೆಕ್ಕಿ ಮುಗಿಸುತ್ತಿತ್ತು,
ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಮನೆಯನ್ನೇ ಕೇಳೋಣವೆಂದರೆ,
ದಡ ಸೇರಿದ ವರ್ಷವೇ ಅದಕ್ಕೆ ಬಿಳಿ ಬಳಿದರು,
ಎಂಬತ್ತೊಂದರಲ್ಲಿ ಅದು ಸುಟ್ಟೇ ಹೋಯಿತು.

ಮೊನ್ನೆ ಅಟ್ಟದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ.
ಮುಚ್ಚಳದ ಮೇಲೆ ಅಪ್ಪನ ಅಕ್ಷರ: ಕೆಟ್ಟವು.
ಓರೆಯಾದವು, ಅಲುಗಾಡಿದವು, ಬರೀ ಆಕಾಶ ಸಿಕ್ಕವು.
ಅವುಗಳ ನಡುವೆ ಅದೇ ಮನೆ, ಅದೇ ಗಳಿಗೆ,
ಅರ್ಧಕ್ಕೆ ಅಡ್ಡಲಾಗಿ ಅಪ್ಪನ ಹೆಬ್ಬೆರಳು.
ಯಾರಿಗೂ ತೋರಿಸದ್ದು. ಐವತ್ತು ವರ್ಷ ಕತ್ತಲುಂಡು
ಕತ್ತಲಲ್ಲೇ ಕೊಬ್ಬಿದ್ದು.

ಕಿಟಕಿಗೆ ಹಿಡಿದೆವು.
ಬೆರಳಿನ ಉಗುರಿನ ಸುತ್ತ ರಕ್ತ ಹೊಳೆಯಿತು.
ಕಡಲು ಕಣ್ಣಿಗೆ ಚುಚ್ಚುವಷ್ಟು ನೀಲಿ.
ಮನೆ
ಹಳದಿಯಲ್ಲ.
ಹಸಿರೂ ಅಲ್ಲ.
ಆಗಷ್ಟೇ ಸೀಳಿದ ಸಾಲ್ಮನ್ ಮೀನಿನ ಒಳಗಿನ ಬಣ್ಣ.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.
ನಾವು ಕಾದಾಡಿದ್ದು ಮನೆಗಾಗಿ ಅಲ್ಲ,
ಆ ಸ್ಲೈಡಿಗಾಗಿ.
ಅವಳದನ್ನು ನೆನಪಿಗೆ ಇಳಿಸಿಕೊಂಡದ್ದು ಮೊದಲು,
ಇನ್ನಷ್ಟು ಬಿಳಿಚಿದ ಮೇಲೆ ನಾನು.

ಡಬ್ಬಿಯ ತಳದಲ್ಲಿ ಮತ್ತೊಂದು,
ತೊಳೆಸದೇ ಉಳಿದ ಒಂದು ಸುರುಳಿ.
ಅಂಗಡಿಯ ಹುಡುಗನಿಗೆ ಫೋನು ಮಾಡಿದೆ.
ಅದನ್ನು ತೊಳೆಯುವ ಕೊನೆಯ ಯಂತ್ರ
ಕ್ಯಾನ್ಸಸ್‌ನಲ್ಲಿ ಯಾವತ್ತೋ ನಿಂತಿದೆಯಂತೆ.
ಈ ಫಿಲ್ಮಿನ ಮೈಯಲ್ಲಿ ಬಣ್ಣವೇ ಇಲ್ಲ ಮೇಡಂ ಅಂದ,
ಬಣ್ಣ ಇದ್ದದ್ದು ತೊಳೆಯುವ ನೀರಿನಲ್ಲಿ,
ಆ ನೀರು ಈಗ ಲೋಕದಲ್ಲಿ ಎಲ್ಲೂ ಇಲ್ಲ.
ಕಪ್ಪು ಬಿಳುಪು ಬೇಕಾದರೆ ನೋಡೋಣ,
ಅದೂ ದೈವೇಚ್ಛೆ.

ಡ್ರುಸಿಲ್ಲಾ ಸುರುಳಿಯನ್ನು ಅಂಗೈಯಲ್ಲಿ ತೂಗಿ,
ಕಿವಿಯ ಹತ್ತಿರ ಅಲ್ಲಾಡಿಸಿ,
ಇದರಲ್ಲಿ ಅಮ್ಮ ಇದ್ದಾಳೆ ಅಂದಳು,
ದೋಣಿಯ ಅಂಚಿಗೆ ಕೂತಿದ್ದಾಳೆ, ನೀಲಿ ಕೋಟು.

ನಾನು ಕೆಟಲ್ ಇಟ್ಟೆ.

ಕಂದು, ಅಂದೆ.